ಬ್ಯಾಟರಿಗೂ ಬೇಕು ಹಿತಮಿತ



ಈ ಅಂಕಣದಲ್ಲಿ ನಾವು ಶರಣರ ಚರಿತ್ರೆಯನ್ನೋ, ಗೃಹಸ್ಥರ ಆಚಾರವನ್ನೋ, ಮಕ್ಕಳ ಸಂಸ್ಕಾರವನ್ನೋ ಕುರಿತು ಬರೆಯುವುದು ವಾಡಿಕೆ. ಈ ತಿಂಗಳು ಲ್ಯಾಪ್‌ಟಾಪಿನ ಬ್ಯಾಟರಿಯನ್ನು ಕುರಿತು ಬರೆಯಲು ಹೊರಟಿದ್ದೇವೆ. ಮಠದ ಪಾಠಶಾಲೆಯಲ್ಲಿ ಕುಳಿತು ಸಂಸ್ಕೃತ, ವಚನಗಳನ್ನು ಓದಿದವರಿಗೂ ಈ ಯಂತ್ರಕ್ಕೂ ಏನು ನಂಟು ಎಂದು ಓದುಗರು ಕೇಳಬಹುದು. ನಂಟು ಇದೆ. ನಾವು ತಿಳಿಯದೆ ಆಡಿದ ಒಂದು ಮಾತಿನಿಂದ ಒಬ್ಬ ವಿದ್ಯಾರ್ಥಿನಿಗೆ ನಷ್ಟವಾಯಿತು. ಆಡಿದ ತಪ್ಪು ಮಾತನ್ನು ಹಿಂದಕ್ಕೆ ತೆಗೆದುಕೊಂಡು, ಸರಿಯಾದುದನ್ನು ಕೇಳಿ ತಿಳಿದು, ನಾಲ್ಕು ಜನಕ್ಕೆ ಹೇಳುವುದು ನಮ್ಮ ಮೇಲಿರುವ ಋಣ. ಮಾತು ಬಲ್ಲವನಿಗೆ ಜಗಳವಿಲ್ಲ, ಊಟ ಬಲ್ಲವನಿಗೆ ರೋಗವಿಲ್ಲ ಎಂದು ಹಿರಿಯರು ಹೇಳುತ್ತಾರೆ. ಈ ಪ್ರಸಂಗದಲ್ಲಿ ನಮಗೆ ಮಾತು ತಿಳಿದಿರಲಿಲ್ಲ, ಆ ಯಂತ್ರದ ಊಟವೂ ತಿಳಿದಿರಲಿಲ್ಲ.

ಶಿರಾ ಸೀಮೆಯ ತಾವರೆಕೆರೆಯಲ್ಲಿ ನಮಗೆ ಬಹುಕಾಲದಿಂದ ಪರಿಚಯವಿರುವ ಒಂದು ಮನೆತನವಿದೆ. ಮನೆಯ ಯಜಮಾನರು ಲಿಂಗೈಕ್ಯರಾಗಿ ಹಲವು ವರ್ಷಗಳಾದವು. ಆ ತಾಯಿ ಹಸು ಕಟ್ಟಿಕೊಂಡು, ಡೈರಿಗೆ ಹಾಲು ಹಾಕಿ, ಇರುವ ಎರಡೆಕರೆ ಬೆದ್ದಲಿನಲ್ಲಿ ರಾಗಿ, ಕಡಲೆಕಾಯಿ ಬೆಳೆದು ಒಬ್ಬಳೇ ಮಗಳನ್ನು ಓದಿಸುತ್ತಿದ್ದಾರೆ. ಮಗಳು ಪದವಿ ತರಗತಿಗೆ ಸೇರಿದಾಗ ಒಂದು ಹಸುವನ್ನು ಮಾರಿ ಲ್ಯಾಪ್‌ಟಾಪ್ ಕೊಡಿಸಿದರು. ಮನೆಗೆ ತಂದ ದಿನ ಅದಕ್ಕೆ ವಿಭೂತಿ ಹಚ್ಚಿ, ಹೂವಿಟ್ಟು, ನಮ್ಮನ್ನು ಪ್ರಸಾದಕ್ಕೆ ಕರೆದಿದ್ದರು. "ಅಯ್ಯನವರೇ, ಹಸು ಮಾರಿ ತಂದದ್ದು. ಇದನ್ನು ಬಹಳ ದಿನ ಬಾಳಿಸುವುದು ಹೇಗೆ, ಹೇಳಿ" ಎಂದು ಆ ತಾಯಿ ಕೇಳಿದರು.

ಕೇಳಿದವರಿಗೆ ಉತ್ತರ ಹೇಳಿಯೇ ತೀರಬೇಕೆಂಬ ಚಪಲ ವಿದ್ಯಾವಂತರಿಗೆ ಇರುವ ಒಂದು ರೋಗ. ನಾವು ಮಗಳನ್ನು ಕರೆದು ಹೀಗೆ ಹೇಳಿದೆವು: "ಮಗು, ಪೂರ್ತಿ ಖಾಲಿಯಾಗುವ ತನಕ ಚಾರ್ಜಿಗೆ ಹಾಕಬೇಡ. ಹಾಕಿದ ಮೇಲೆ ನೂರಕ್ಕೆ ನೂರು ತುಂಬುವ ತನಕ ತೆಗೆಯಬೇಡ. ರಾತ್ರಿಯೆಲ್ಲ ಕರೆಂಟಿನಲ್ಲೇ ಇರಲಿ." ಮಗು ನಮ್ಮ ಮಾತನ್ನು ಶಿರಸಾವಹಿಸಿ ಎರಡು ವರ್ಷ ಹಾಗೆಯೇ ನಡೆದಳು. ರಾತ್ರಿ ಓದಿ ಮುಗಿಸಿ, ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲೆಯೇ ಚಾರ್ಜಿಗೆ ಹಾಕಿ ಮಲಗುವಳು. ಆ ಮನೆಯ ಆ ಕೋಣೆಗೆ ಶೀಟಿನ ಮಾಡು.

ಒಂದು ಸಂಜೆ ಅವಳಿಗೆ ಕೆಲಸಕ್ಕೆ ಸಂಬಂಧಿಸಿದ ಒಂದು ಪರೀಕ್ಷೆ ಮನೆಯಿಂದಲೇ ಲ್ಯಾಪ್‌ಟಾಪಿನಲ್ಲಿ ನಡೆಯುವುದಿತ್ತು. ಅರ್ಧ ಪರೀಕ್ಷೆಯಾಗುವಷ್ಟರಲ್ಲಿ ಕರೆಂಟು ಹೋಯಿತು. ಪರದೆಯ ಮೂಲೆಯಲ್ಲಿ ಬ್ಯಾಟರಿ ಶೇಕಡಾ 43 ಇದೆ ಎಂದು ತೋರುತ್ತಿತ್ತು. ಅವಳು ನಿಶ್ಚಿಂತೆಯಿಂದ ಮುಂದುವರಿದಳು. ನಾಲ್ಕೇ ನಿಮಿಷದಲ್ಲಿ ಪರದೆ ಕಪ್ಪಾಯಿತು. ಕರೆಂಟು ಮರಳುವ ಹೊತ್ತಿಗೆ ಪರೀಕ್ಷೆಯ ವೇಳೆ ಮುಗಿದುಹೋಗಿತ್ತು. ಕೆಲವು ದಿನಗಳ ಮೇಲೆ ನಾವು ಆ ಕಡೆ ಒಂದು ಲಿಂಗದೀಕ್ಷೆಗೆ ಹೋದಾಗ ಅವಳು ಲ್ಯಾಪ್‌ಟಾಪನ್ನು ತಂದು ತೋರಿಸಿದಳು. ಬೆರಳಾಡಿಸುವ ಫಲಕ ಮೇಲಕ್ಕೆ ಎದ್ದುಕೊಂಡಿತ್ತು, ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲ. "ಅಯ್ಯನವರೇ, ತಾವು ಹೇಳಿದ ಹಾಗೆಯೇ ಮಾಡಿದೆ" ಎಂದಳು. ಆ ಮಾತಿನಲ್ಲಿ ಆಕ್ಷೇಪಣೆಯ ಲೇಶವೂ ಇರಲಿಲ್ಲ. ಇದ್ದಿದ್ದರೆ ನಮಗೆ ಇಷ್ಟು ನೋಯುತ್ತಿರಲಿಲ್ಲ.

ಮರುದಿನ ಅವಳನ್ನು ಕರೆದುಕೊಂಡು ಶಿರಾದಲ್ಲಿ ಈ ಯಂತ್ರಗಳನ್ನು ರಿಪೇರಿ ಮಾಡುವ ಒಬ್ಬ ಯುವಕನ ಬಳಿಗೆ ಹೋದೆವು. ಆತ ಹಿಂಬದಿಯ ತಿರುಪುಗಳನ್ನು ಬಿಚ್ಚಿದಾಗ ಒಳಗಿದ್ದ ಬ್ಯಾಟರಿ ಎಣ್ಣೆಯಲ್ಲಿ ಕರಿದ ಪೂರಿಯಂತೆ ಉಬ್ಬಿ ನಿಂತಿತ್ತು. "ಯಾರು ಹೇಳಿದ್ದು ಹೀಗೆ ಚಾರ್ಜ್ ಮಾಡೋಕೆ?" ಎಂದು ಆತ ಮಗುವನ್ನು ಕೇಳಿದ. ಅವಳು ನಮ್ಮ ಮುಖ ನೋಡಿ ತಲೆ ತಗ್ಗಿಸಿದಳು. "ನಾವೇ ಹೇಳಿದ್ದಪ್ಪ" ಎಂದೆವು. ಆ ಯುವಕ ನಗಲಿಲ್ಲ. ಒಂದು ಸ್ಟೂಲು ಎಳೆದು ನಮ್ಮನ್ನು ಕೂರಿಸಿ, ಸಮಾಧಾನವಾಗಿ ತಿಳಿಸಿದ. ಅಂದು ಆತನಿಂದ ಕೇಳಿದ್ದನ್ನೂ, ಅನಂತರ ನಾವು ಓದಿ ತಿಳಿದುಕೊಂಡದ್ದನ್ನೂ ಸೇರಿಸಿ ಇಲ್ಲಿ ನಿವೇದಿಸುತ್ತೇವೆ.

ನಾವು ಹೇಳಿದ ಮಾತು ಸುಳ್ಳಲ್ಲ. ಅದು ಬೇರೊಂದು ಬ್ಯಾಟರಿಗೆ ಸಲ್ಲುವ ಮಾತು. ಬ್ಯಾಟರಿಗಳಲ್ಲಿ ಜಾತಿಗಳಿವೆ, ಒಂದೊಂದಕ್ಕೂ ಅದರದೇ ಸ್ವಭಾವ, ಅದರದೇ ಊಟ. ನಮ್ಮ ಮನೆಗಳಿಗೆ ಮೊದಲು ಬಂದದ್ದು ಸೀಸ ಮತ್ತು ಆಮ್ಲದ ಬ್ಯಾಟರಿ. ಇದನ್ನು 1859ರಲ್ಲಿ ಫ್ರಾನ್ಸಿನ ಗಾಸ್ಟೋನ್ ಪ್ಲಾಂಟೆ ಎಂಬ ವಿಜ್ಞಾನಿ ಮಾಡಿದ. ಟ್ರ್ಯಾಕ್ಟರಿನಲ್ಲಿರುವುದು, ಯುಪಿಎಸ್ಸಿಗೆ ಜೋಡಿಸಿರುವುದು ಸಾಮಾನ್ಯವಾಗಿ ಇದೇ. ಇದು ಸದಾ ತುಂಬಿರಬೇಕು; ಖಾಲಿ ಬಿಟ್ಟರೆ ಒಳಗಿನ ಫಲಕಗಳ ಮೇಲೆ ಗಟ್ಟಿ ಹರಳು ಕಟ್ಟಿ ಕೆಡುತ್ತದೆ. ಎರಡನೆಯದು ನಿಕ್ಕಲ್ ಮತ್ತು ಕ್ಯಾಡ್ಮಿಯಮ್ಮಿನ ಬ್ಯಾಟರಿ. 1899ರಲ್ಲಿ ಸ್ವೀಡನ್ನಿನ ವಾಲ್ಡೆಮಾರ್ ಯೂಂಗ್ನರ್ ಇದನ್ನು ರೂಪಿಸಿದ. ತಂತಿಯಿಲ್ಲದ ದೂರವಾಣಿ, ಚಾರ್ಜು ಮಾಡುವ ಟಾರ್ಚು ಮೊದಲಾದವುಗಳಲ್ಲಿ 1990ರ ದಶಕದಲ್ಲಿ ಇದು ಹೆಚ್ಚಾಗಿತ್ತು. ಅರ್ಧಕ್ಕೇ ಮತ್ತೆ ಮತ್ತೆ ತುಂಬಿಸಿದರೆ ತನ್ನ ಶಕ್ತಿ ಅಷ್ಟೇ ಎಂಬಂತೆ ವರ್ತಿಸುವ ದೋಷ ಇದಕ್ಕಿತ್ತು. ಆದ್ದರಿಂದ ಪೂರ್ತಿ ಖಾಲಿ ಮಾಡಿ ಪೂರ್ತಿ ತುಂಬಿಸಬೇಕೆಂಬ ನಿಯಮ ಬಂತು. ಮಠದ ಕಚೇರಿಯ ದೂರವಾಣಿಗೆಂದು ಕಲಿತ ಈ ನಿಯಮವನ್ನೇ ನಾವು ತಾವರೆಕೆರೆಯ ಮಗುವಿಗೆ ಉಪದೇಶಿಸಿದ್ದೆವು.

ಲ್ಯಾಪ್‌ಟಾಪಿನಲ್ಲಿಯೂ, ಎಲ್ಲರ ಕೈಯಲ್ಲಿರುವ ಮೊಬೈಲಿನಲ್ಲಿಯೂ ಈಗ ಇರುವುದು ಮೂರನೆಯ ಜಾತಿ, ಲಿಥಿಯಂ ಅಯಾನ್ ಬ್ಯಾಟರಿ. 1970ರ ದಶಕದಲ್ಲಿ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಇದಕ್ಕೆ ಅಡಿಗಲ್ಲು ಹಾಕಿದರು. 1980ರಲ್ಲಿ ಜಾನ್ ಗುಡ್‌ಇನಫ್ ಅವರು ಕೋಬಾಲ್ಟಿನ ಸಂಯುಕ್ತವನ್ನು ಬಳಸುವ ಬಗೆಯನ್ನು ಕಂಡುಕೊಂಡರು. 1985ರಲ್ಲಿ ಜಪಾನಿನ ಅಕಿರಾ ಯೋಶಿನೊ ಅವರು ಇದನ್ನು ಬಳಕೆಗೆ ಯೋಗ್ಯವಾಗುವಂತೆ ಮಾಡಿದರು. 1991ರಲ್ಲಿ ಸೋನಿ ಸಂಸ್ಥೆ ಮಾರುಕಟ್ಟೆಗೆ ತಂದಿತು. ಈ ಮೂವರಿಗೂ 2019ರಲ್ಲಿ ರಸಾಯನ ಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಆಗ ಗುಡ್‌ಇನಫ್ ಅವರಿಗೆ 97 ವರ್ಷ. ಅದೇ ವರ್ಷದ ಜನವರಿ 21ರಂದು, 111ರ ವಯಸ್ಸಿನಲ್ಲಿ, ನಮ್ಮ ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ಲಿಂಗೈಕ್ಯರಾದರು. ಕಾಯಕಕ್ಕೆ ವಯಸ್ಸಿನ ಎಲ್ಲೆಯಿಲ್ಲವೆಂಬುದನ್ನು ಪೂರ್ವದಲ್ಲಿಯೂ ಪಶ್ಚಿಮದಲ್ಲಿಯೂ ಕಾಣಬಹುದು.

ಈ ಬ್ಯಾಟರಿಯ ಒಳಗೆ ಏನು ನಡೆಯುತ್ತದೆಂಬುದನ್ನು ಮನೆಯ ಹೆಣ್ಣುಮಕ್ಕಳಿಗೂ ತಿಳಿಯುವಂತೆ ಹೇಳಲು ಯತ್ನಿಸುತ್ತೇವೆ. ಎರಡು ಕೋಣೆಗಳ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಒಂದು ಕೋಣೆ ಗ್ರಾಫೈಟಿನದು, ಎಂದರೆ ಪೆನ್ಸಿಲ್ಲಿನ ಕಡ್ಡಿಯಲ್ಲಿರುವ ಇದ್ದಿಲಿನ ಜಾತಿಯದು. ಇನ್ನೊಂದು ಕೋಬಾಲ್ಟ್ ಮೊದಲಾದ ಲೋಹಗಳ ಸಂಯುಕ್ತದ್ದು. ಲಿಥಿಯಮ್ಮಿನ ಕಣಗಳು ಈ ಮನೆಯ ಅತಿಥಿಗಳು. ನಡುವೆ ಒಂದು ದ್ರವವಿದ್ದು ಅದರ ಮೂಲಕ ಅವು ಓಡಾಡುತ್ತವೆ. ಚಾರ್ಜು ಮಾಡಿದಾಗ ಅತಿಥಿಗಳೆಲ್ಲ ಗ್ರಾಫೈಟಿನ ಕೋಣೆಗೆ ಹೋಗಿ ಕೂರುತ್ತಾರೆ. ಯಂತ್ರವನ್ನು ಬಳಸಿದಾಗ ಹಿಂದಿರುಗುತ್ತಾರೆ. ಕೋಣೆ ಭರ್ತಿಯಾಗಿ ಬಹಳ ಹೊತ್ತು ಹಾಗೆಯೇ ಇದ್ದರೆ, ಅದರಲ್ಲಿಯೂ ಸೆಕೆ ಹೆಚ್ಚಿದ್ದರೆ, ದ್ರವವು ಎರಡೂ ಕೋಣೆಗಳ ಗೋಡೆಗಳಲ್ಲಿ ಕೆಡತೊಡಗುತ್ತದೆ. ಗ್ರಾಫೈಟಿನ ಮೇಲೆ ಪಾತ್ರೆಯ ಕಿಲುಬಿನಂತೆ ಒಂದು ಪೊರೆ ದಪ್ಪವಾಗುತ್ತದೆ. ಆ ಪೊರೆಯಲ್ಲಿ ಸಿಕ್ಕಿಕೊಂಡ ಲಿಥಿಯಂ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಇನ್ನೂ ಕೆಟ್ಟರೆ ಅನಿಲ ಹುಟ್ಟಿ ಬ್ಯಾಟರಿ ಉಬ್ಬುತ್ತದೆ. ಇದಕ್ಕೆ ವಿರುದ್ಧವಾಗಿ, ಪೂರ್ತಿ ಖಾಲಿ ಮಾಡಿ ವಾರಗಟ್ಟಲೆ ಮೂಲೆಯಲ್ಲಿಟ್ಟರೆ ಒಳಗಿನ ತಾಮ್ರದ ಹಾಳೆಯೇ ಕರಗಿ ಹಾನಿಯಾಗಬಹುದು. ಅತಿ ತೃಪ್ತಿಯೂ ಸಲ್ಲದು, ಉಪವಾಸವೂ ಸಲ್ಲದು.

ಲೆಕ್ಕದಲ್ಲಿ ಹೇಳುವುದಾದರೆ, ಇಂತಹ ಒಂದು ಸೆಲ್ಲು ಪೂರ್ತಿ ತುಂಬಿದಾಗ ಸುಮಾರು 4.2 ವೋಲ್ಟು, ಖಾಲಿಯಾದಾಗ ಸುಮಾರು 3 ವೋಲ್ಟು. ತುಂಬಿದೊಡನೆ ಚಾರ್ಜನ್ನು ನಿಲ್ಲಿಸುವ ವ್ಯವಸ್ಥೆ ಒಳಗೇ ಇರುತ್ತದೆ. ಆದ್ದರಿಂದ ರಾತ್ರಿ ಬಿಟ್ಟರೆ ತುಂಬಿ ಹರಿಯುತ್ತದೆಂಬ ಭಯಕ್ಕೆ ಆಧಾರವಿಲ್ಲ. ಕೇಡಿರುವುದು ಆ 4.2 ವೋಲ್ಟಿನ ಒತ್ತಡದಲ್ಲಿ, ಶಾಖದಲ್ಲಿ, ದಿನವೂ ಗಂಟೆಗಟ್ಟಲೆ ನಿಂತಿರುವುದರಲ್ಲಿ. ಪ್ರಯೋಗಗಳಿಂದ ತಿಳಿದುಬಂದಿರುವ ಒಂದು ಲೆಕ್ಕ ಹೀಗಿದೆ: ಶೇಕಡಾ 40 ತುಂಬಿಸಿ 25 ಡಿಗ್ರಿ ಶಾಖದಲ್ಲಿ ಒಂದು ವರ್ಷ ಇಟ್ಟರೆ ಬ್ಯಾಟರಿಯ ಸಾಮರ್ಥ್ಯ ಸುಮಾರು ಶೇಕಡಾ 96 ಉಳಿಯುತ್ತದೆ. ಅದನ್ನೇ ಪೂರ್ತಿ ತುಂಬಿಸಿ 40 ಡಿಗ್ರಿಯಲ್ಲಿಟ್ಟರೆ ಉಳಿಯುವುದು ಸುಮಾರು ಶೇಕಡಾ 65. ಬಳಸದೆ ಸುಮ್ಮನೆ ಇಟ್ಟರೂ ಇಷ್ಟು ಅಂತರ!

ಈ 40 ಡಿಗ್ರಿಯ ಮಾತು ನಮ್ಮ ಸೀಮೆಗೆ ಬಹಳ ಹತ್ತಿರದ್ದು. ಶಿರಾ, ಮಧುಗಿರಿ, ಪಾವಗಡದ ಬಯಲಿನ ಬಿಸಿಲನ್ನು ಓದುಗರಿಗೆ ನಾವು ವರ್ಣಿಸಬೇಕಾಗಿಲ್ಲ. ಆ ಬಿಸಿಲನ್ನೇ ನಂಬಿ ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ವಿದ್ಯುತ್ ಕ್ಷೇತ್ರವನ್ನು ನಿರ್ಮಿಸಿದ್ದಾರೆ. 'ಶಕ್ತಿ ಸ್ಥಳ' ಎಂಬ ಹೆಸರಿನಿಂದ 2018ರ ಮಾರ್ಚಿನಲ್ಲಿ ಅದರ ಉದ್ಘಾಟನೆಯಾಯಿತು. ಲೋಕಕ್ಕೆ ವಿದ್ಯುತ್ತು ಕೊಡುವ ಅದೇ ಸೂರ್ಯ, ಶೀಟಿನ ಮಾಡಿನ ಕೆಳಗೆ ಹಾಸಿಗೆಯ ಮೇಲಿಟ್ಟ ಬ್ಯಾಟರಿಯ ಆಯುಷ್ಯವನ್ನು ಕಡಿಮೆ ಮಾಡುತ್ತಾನೆ. ಹೊರಗೆ 37 ಡಿಗ್ರಿ ಇದ್ದರೆ ಶೀಟಿನ ಕೋಣೆಯಲ್ಲಿ ಅದಕ್ಕಿಂತ ಹೆಚ್ಚು. ಚಾರ್ಜು ಆಗುವ ಯಂತ್ರದ ಒಳಗೆ ಇನ್ನೂ ಹೆಚ್ಚು. ಹಾಸಿಗೆ, ದಿಂಬು, ಕಂಬಳಿಗಳ ಮೇಲಿಟ್ಟರೆ ಕೆಳಗಿನ ಗಾಳಿಯ ಕಿಂಡಿಗಳು ಮುಚ್ಚಿಹೋಗಿ ಶಾಖಕ್ಕೆ ಹೊರಬರಲು ದಾರಿಯೇ ಇರುವುದಿಲ್ಲ. ಈ ಬ್ಯಾಟರಿಗಳನ್ನು ಸಾಧಾರಣವಾಗಿ 45 ಡಿಗ್ರಿ ಮೀರಿದಾಗ ಚಾರ್ಜು ಮಾಡಬಾರದು. ಆದ್ದರಿಂದಲೇ ಬಹಳ ಬಿಸಿಯಾದಾಗ ಯಂತ್ರವು ಚಾರ್ಜನ್ನು ತಾನೇ ನಿಲ್ಲಿಸಿಬಿಡುವುದುಂಟು.

ಈಗ ಗೃಹಸ್ಥರಿಗೆ ಪ್ರಯೋಜನವಾಗುವ ಮಾತಿಗೆ ಬರೋಣ. ಬ್ಯಾಟರಿಯನ್ನು ಬಾಳಿಸಲು ಮಾಡಬೇಕಾದುದೇನು?

ಮೊದಲನೆಯದಾಗಿ, ಊಟದ ಅಳತೆ. ದಿನನಿತ್ಯದ ಬಳಕೆಯಲ್ಲಿ ಶೇಕಡಾ 20ಕ್ಕೆ ಇಳಿಯುವ ಮೊದಲೇ ಚಾರ್ಜಿಗೆ ಹಾಕುವುದು, 80ರ ಸುಮಾರಿಗೆ ತೆಗೆಯುವುದು ಉತ್ತಮ. ಅರ್ಧಕ್ಕೇ ಹಾಕಿ ಅರ್ಧಕ್ಕೇ ತೆಗೆದರೆ ದೋಷವೇನೂ ಇಲ್ಲ. ಈ ಬ್ಯಾಟರಿಗೆ ಹಳೆಯ ನಿಕ್ಕಲ್ ಬ್ಯಾಟರಿಯ ಆ ದುರ್ಗುಣವಿಲ್ಲ. ಕೆಲವರು ಎಷ್ಟು ಸಲ ಚಾರ್ಜಿಗೆ ಹಾಕಿದೆವೆಂದು ಎಣಿಸುತ್ತಾರೆ. ಆ ಲೆಕ್ಕವೂ ಬೇರೆಯೇ. ಇಂದು ಅರ್ಧ, ನಾಳೆ ಅರ್ಧ ಬಳಸಿದರೆ ಎರಡೂ ಸೇರಿ ಒಂದು ಆವರ್ತ. ಸಾಮಾನ್ಯ ಲ್ಯಾಪ್‌ಟಾಪ್ ಬ್ಯಾಟರಿ 300ರಿಂದ 500 ಪೂರ್ಣ ಆವರ್ತಗಳ ಹೊತ್ತಿಗೆ ತನ್ನ ಸಾಮರ್ಥ್ಯದ ಐದನೆಯ ಒಂದು ಪಾಲನ್ನು ಕಳೆದುಕೊಳ್ಳುವುದು ಸಹಜ. ಇನ್ನೂ ಹೆಚ್ಚು ಬಾಳುವವೂ ಇವೆ. ಮುಪ್ಪನ್ನು ತಡೆಯಲಾಗದು, ಅಕಾಲ ಮುಪ್ಪನ್ನು ತಡೆಯಬಹುದು.

ಎರಡನೆಯದಾಗಿ, ಮೇಜಿನ ಮೇಲೆ ಸದಾ ಕರೆಂಟಿಗೆ ಜೋಡಿಸಿಕೊಂಡೇ ಕೆಲಸ ಮಾಡುವವರು ಯಂತ್ರದ ಸೆಟ್ಟಿಂಗಿನಲ್ಲಿ ಚಾರ್ಜಿನ ಮಿತಿಯನ್ನು ಶೇಕಡಾ 80ಕ್ಕೆ ನಿಲ್ಲಿಸಿಕೊಳ್ಳಬೇಕು. ಈಗಿನ ಬಹುತೇಕ ಕಂಪನಿಗಳ ಲ್ಯಾಪ್‌ಟಾಪುಗಳಲ್ಲಿ ಈ ಅನುಕೂಲವಿದೆ. ಒಮ್ಮೆ ಮಾಡಿಟ್ಟರೆ ಯಂತ್ರವೇ ತನ್ನ ಊಟದ ಅಳತೆಯನ್ನು ನೋಡಿಕೊಳ್ಳುತ್ತದೆ.

ಮೂರನೆಯದಾಗಿ, ತಂಪು. ಹಲಗೆ ಅಥವಾ ಮೇಜಿನ ಮೇಲಿಟ್ಟು ಬಳಸಬೇಕು. ಬಿಸಿಲು ಬೀಳುವ ಕಿಟಕಿಯ ಬಳಿಯಲ್ಲಿಯೂ, ನಿಲ್ಲಿಸಿದ ಕಾರಿನೊಳಗೂ ಬಿಡಬಾರದು. ಬೇಸಗೆಯಲ್ಲಿ ಮಧ್ಯಾಹ್ನಕ್ಕಿಂತ ಬೆಳಗಿನ ಹೊತ್ತು ಚಾರ್ಜು ಮಾಡುವುದು ಲೇಸು.

ನಾಲ್ಕನೆಯದಾಗಿ, ರಜೆಯಲ್ಲಿ ಒಂದೆರಡು ತಿಂಗಳು ಬಳಸದೆ ಇಡುವುದಾದರೆ ಅರ್ಧದಷ್ಟು ತುಂಬಿಸಿ, ಪೂರ್ಣವಾಗಿ ಆಫ್ ಮಾಡಿ, ತಂಪಾದ ಒಣ ಜಾಗದಲ್ಲಿಡಬೇಕು. ತಿಂಗಳಿಗೊಮ್ಮೆ ತೆಗೆದು ನೋಡಿ, ಇಳಿದಿದ್ದರೆ ಮತ್ತೆ ಅರ್ಧಕ್ಕೆ ತುಂಬಿಸಬೇಕು.

ಐದನೆಯದಾಗಿ, ನಮ್ಮ ಹಳ್ಳಿಗಳ ಕರೆಂಟಿನ ವಿಷಯ. ಲ್ಯಾಪ್‌ಟಾಪಿನ ಚಾರ್ಜರಿನ ಮೇಲೆ 100ರಿಂದ 240 ವೋಲ್ಟು ಎಂದು ಬರೆದಿದ್ದರೆ ಸಾಧಾರಣ ಏರಿಳಿತವನ್ನು ಅದು ತಾಳಿಕೊಳ್ಳುತ್ತದೆ. ಆದರೆ ಗುಡುಗು ಮಿಂಚು ಇದ್ದಾಗ ಪ್ಲಗ್ಗನ್ನು ಕಿತ್ತಿಡುವುದು ಕ್ಷೇಮ. ಸ್ವಿಚ್ಚು ಆರಿಸಿದರೆ ಮಾತ್ರ ಸಾಲದು. ಹೋದ ಕರೆಂಟು ಮರಳಿದ ಕೂಡಲೇ ಹಾಕದೆ ಐದು ನಿಮಿಷ ತಡೆದು ಹಾಕಿ.

ಇಲ್ಲಿ ತಾವರೆಕೆರೆಯ ತಾಯಿಯಂತೆ ಓದುಗರೂ ಒಂದು ಪ್ರಶ್ನೆ ಕೇಳಬಹುದು: "80ಕ್ಕೇ ತೆಗೆದರೆ, ಕರೆಂಟು ಹೋದಾಗ ಏನು ಗತಿ?" ನ್ಯಾಯವಾದ ಪ್ರಶ್ನೆ. ನಿಯಮವಿರುವುದು ನಿತ್ಯಕ್ಕೆ. ಪರೀಕ್ಷೆಯೋ, ಸಂದರ್ಶನವೋ, ಪ್ರಯಾಣವೋ ಇದ್ದ ದಿನ ಸ್ವಲ್ಪ ಮುಂಚೆ ನೂರಕ್ಕೆ ನೂರು ತುಂಬಿಸಿಕೊಳ್ಳಿ. ತುಂಬಿಸಿ ಬಳಸಿಬಿಟ್ಟರೆ ಕೇಡಿಲ್ಲ. ಹಬ್ಬದ ದಿನ ಹೋಳಿಗೆ ಉಂಡರೆ ಯಾರಿಗೂ ರೋಗ ಬರುವುದಿಲ್ಲ, ದಿನವೂ ಉಂಡರೆ ಬರುತ್ತದೆ. ಇದಕ್ಕಿಂತ ಮುಖ್ಯವಾದ ಮಾತು: ಪರೀಕ್ಷೆಗೆ ಕೆಲವು ದಿನಗಳ ಮುಂಚೆಯೇ ಪ್ಲಗ್ಗು ತೆಗೆದು, ಬ್ಯಾಟರಿಯೊಂದರಲ್ಲೇ ಒಂದು ಗಂಟೆ ಕೆಲಸ ಮಾಡಿ ನೋಡಿ. ಪರದೆಯ ಮೇಲಿನ ಅಂಕಿ ಬರಿಯ ಅಂದಾಜು. ಹಳೆಯದಾದ ಬ್ಯಾಟರಿಯಲ್ಲಿ ಒಂದು ಸೆಲ್ಲು ಸೋತಿದ್ದರೂ ಅಂಕಿ 40 ಎನ್ನುತ್ತದೆ, ಮರುಕ್ಷಣ ಯಂತ್ರ ಆರಿಹೋಗುತ್ತದೆ. ಆ ಮಗುವಿಗೆ ಆದದ್ದು ಇದೇ. ಎರಡು ಮೂರು ತಿಂಗಳಿಗೊಮ್ಮೆ ಶೇಕಡಾ 10ರ ತನಕ ಇಳಿಸಿ, ಒಂದೇ ಸಲ ಪೂರ್ತಿ ತುಂಬಿಸಿದರೆ ಆ ಅಂಕಿಯ ಲೆಕ್ಕ ಸ್ವಲ್ಪ ಸರಿಹೋಗುತ್ತದೆ. ಇದರಿಂದ ಸರಿಹೋಗುವುದು ಲೆಕ್ಕ ಮಾತ್ರ, ಸೋತ ಸೆಲ್ಲಲ್ಲ.

ಇನ್ನು ಪ್ಲಗ್ಗು ಹಾಕಿದರೂ ಚಾರ್ಜು ಆಗುತ್ತಿಲ್ಲವೆಂಬ ದೂರು. ಕೂಡಲೇ ಹೊಸ ಬ್ಯಾಟರಿಗೆ ಹಣ ಕೊಡದೆ ಕ್ರಮವಾಗಿ ಪರೀಕ್ಷಿಸಬೇಕು. ಗೋಡೆಯ ಸಾಕೆಟ್ಟಿನಲ್ಲಿ ಕರೆಂಟಿದೆಯೇ, ಬೇರೊಂದು ಸಾಕೆಟ್ಟಿಗೆ ಹಾಕಿ ನೋಡಿ. ಚಾರ್ಜರಿನ ತಂತಿ ಮಡಿಚುವ ಜಾಗದಲ್ಲಿ ಒಳಗೇ ತುಂಡಾಗಿರುವುದುಂಟು. ಯಂತ್ರಕ್ಕೆ ಚುಚ್ಚುವ ತೂತಿನಲ್ಲಿ ಧೂಳು ಸೇರಿದೆಯೇ, ಅಲುಗಾಡುತ್ತಿದೆಯೇ ನೋಡಿ. ಚಾರ್ಜರು ಆ ಯಂತ್ರದ್ದೇ ಹೌದೇ? 45 ಅಥವಾ 65 ವ್ಯಾಟು ಬೇಡುವ ಲ್ಯಾಪ್‌ಟಾಪಿಗೆ 18 ವ್ಯಾಟಿನ ಮೊಬೈಲ್ ಚಾರ್ಜರು ಹಾಕಿದರೆ ತೂತು ಹೊಂದಿಕೊಂಡರೂ ಹೊಟ್ಟೆ ತುಂಬುವುದಿಲ್ಲ. ಯಂತ್ರ ಬಿಸಿಯಾಗಿದ್ದರೆ ಆರಿಸಿ ಅರ್ಧ ಗಂಟೆ ಬಿಡಿ. 60ಕ್ಕೋ 80ಕ್ಕೋ ನಿಂತಿದ್ದರೆ ಅದು ನಾವು ಮೇಲೆ ಹೇಳಿದ ಮಿತಿಯ ಸೆಟ್ಟಿಂಗು ಇರಬಹುದು. ಅದು ರೋಗವಲ್ಲ, ಪಥ್ಯ. ಇವೆಲ್ಲವೂ ಸರಿಯಿದ್ದರೆ, ಯಂತ್ರವನ್ನು ಆಫ್ ಮಾಡಿ, ಚಾರ್ಜರು ಕಿತ್ತು, ಆನ್ ಮಾಡುವ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು ಬಿಟ್ಟು, ಮತ್ತೆ ಚಾರ್ಜಿಗೆ ಹಾಕಿ ನೋಡಿ. ಎಷ್ಟೋ ಸಲ ಇಷ್ಟರಿಂದಲೇ ಸರಿಹೋಗುತ್ತದೆ. ವಿಂಡೋಸ್ ಇರುವ ಯಂತ್ರದಲ್ಲಿ ಬ್ಯಾಟರಿಯ ವರದಿಯೊಂದನ್ನು ತೆಗೆಯಬಹುದು. ಕಂಪ್ಯೂಟರು ಬಲ್ಲ ಹುಡುಗರು ಒಂದು ನಿಮಿಷದಲ್ಲಿ ತೆಗೆದುಕೊಡುತ್ತಾರೆ. ಹೊಸತಾಗಿದ್ದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಎಂಬ ಎರಡು ಅಂಕಿಗಳು ಅದರಲ್ಲಿರುತ್ತವೆ. ಈಗಿನದು ಅರ್ಧಕ್ಕೆ ಇಳಿದಿದ್ದರೆ ಹೊಸ ಬ್ಯಾಟರಿಯ ಕಾಲ ಬಂತೆಂದು ತಿಳಿಯಬೇಕು.

ಬ್ಯಾಟರಿ ಉಬ್ಬಿದ್ದರೆ ಮಾತ್ರ ಪರೀಕ್ಷೆ, ಪ್ರಯೋಗ ಯಾವುದೂ ಕೂಡದು. ಬೆರಳಾಡಿಸುವ ಫಲಕ ಎದ್ದಿರುವುದು, ಮುಚ್ಚಳ ಕೂರದಿರುವುದು, ಕೆಳಭಾಗ ಬಾಗಿ ಮೇಜಿನ ಮೇಲೆ ಅಲ್ಲಾಡುವುದು ಇದರ ಲಕ್ಷಣಗಳು. ಕೂಡಲೇ ಚಾರ್ಜು ನಿಲ್ಲಿಸಿ, ಯಂತ್ರವನ್ನು ಆಫ್ ಮಾಡಿ, ಬಟ್ಟೆ ಕಾಗದಗಳಿಂದ ದೂರವಿರುವ ಕಲ್ಲು ಚಪ್ಪಡಿಯ ಮೇಲಿಡಿ. ಒತ್ತಿ ಸಮ ಮಾಡಲು ಹೋಗಬೇಡಿ, ಚುಚ್ಚಿ ಗಾಳಿ ತೆಗೆಯಲು ಹೋಗಬೇಡಿ. ಹಾಗೆ ಮಾಡಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಬಲ್ಲವರ ಕೈಯಿಂದ ತೆಗೆಸಿರಿ. ಹೊಗೆ ಬಂದರೆ ಮನೆಯವರೆಲ್ಲ ಹೊರಗೆ ಬಂದು 112ಕ್ಕೆ ಕರೆ ಮಾಡಬೇಕು. ಯಂತ್ರದ ಆಸೆಗೆ ಕೈ ಸುಟ್ಟುಕೊಳ್ಳಬಾರದು. ಇಂತಹ ವಸ್ತುವನ್ನು ಆ ಮಗು ಎಷ್ಟೋ ರಾತ್ರಿ ತಲೆದಿಂಬಿನ ಪಕ್ಕದಲ್ಲಿಟ್ಟು ಮಲಗಿದ್ದಳೆಂಬುದನ್ನು ನೆನೆದರೆ ಈಗಲೂ ನಮ್ಮ ಮೈ ನಡುಗುತ್ತದೆ. ಪರೀಕ್ಷೆ ಹೋದದ್ದು ಸಣ್ಣ ನಷ್ಟವೆಂದು ಆ ಯುವಕ ಹೇಳಿದ್ದು ಇದಕ್ಕಾಗಿಯೇ.

ಹೊಸ ಬ್ಯಾಟರಿ ಕೊಳ್ಳುವಾಗ ಯಂತ್ರದ ಮಾದರಿಯ ಸಂಖ್ಯೆಯನ್ನು ಬರೆದುಕೊಂಡು ಹೋಗಿ. ಅಗ್ಗಕ್ಕೆ ಸಿಗುವ ನಕಲಿಯ ಬಗ್ಗೆ ಎಚ್ಚರವಿರಲಿ. ಭಾರತೀಯ ಮಾನಕ ಸಂಸ್ಥೆಯ ಗುರುತೂ ಐಎಸ್ 16046 ಎಂಬ ಸಂಖ್ಯೆಯೂ ಅದರ ಮೇಲಿದೆಯೇ ನೋಡಿ. ಹಳೆಯದನ್ನು ತಿಪ್ಪೆಗೆ ಎಸೆಯಬೇಡಿ, ಒಲೆಗೆ ಹಾಕಬೇಡಿ. ತಿಪ್ಪೆಯ ಗೊಬ್ಬರ ಹೊಲಕ್ಕೆ ಹೋಗುತ್ತದೆ, ಹೊಲದ ರಾಗಿ ನಮ್ಮ ತಣಿಗೆಗೆ ಬರುತ್ತದೆ. ಕೇಂದ್ರ ಸರ್ಕಾರವು 2022ರಲ್ಲಿ ಹೊರಡಿಸಿದ ಬ್ಯಾಟರಿ ತ್ಯಾಜ್ಯದ ನಿಯಮಗಳ ಪ್ರಕಾರ ಬಳಸಿದ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಒಪ್ಪಿಸುವ ಹೊಣೆ ತಯಾರಕರದು. ಇತರ ಕಸದೊಡನೆ ಬೆರೆಸದಿರುವ ಹೊಣೆ ನಮ್ಮದು.

ಇದರಲ್ಲಿ ದಯೆಯ ಮಾತೂ ಇದೆ. ಈ ಬ್ಯಾಟರಿಗಳಿಗೆ ಬೇಕಾದ ಕೋಬಾಲ್ಟಿನ ಬಹುಪಾಲು ಆಫ್ರಿಕಾ ಖಂಡದ ಕಾಂಗೋ ದೇಶದಿಂದ ಬರುತ್ತದೆ. ಅಲ್ಲಿನ ಕೆಲವು ಗಣಿಗಳಲ್ಲಿ ಮಕ್ಕಳು ಕೈಯಿಂದ ಮಣ್ಣು ಅಗೆದು ಅದಿರು ಆರಿಸುವುದನ್ನು ಆಮ್ನೆಸ್ಟಿ ಎಂಬ ಸಂಸ್ಥೆ 2016ರಲ್ಲಿ ಲೋಕಕ್ಕೆ ತಿಳಿಸಿತು. ನಮ್ಮ ಮಂಡ್ಯ ಜಿಲ್ಲೆಯ ಮರ್ಲಗಲ್ಲದ ಸುತ್ತಲೂ ಲಿಥಿಯಂ ಇದೆಯೆಂದು ಗುರುತಿಸಿದ್ದಾರೆ. ಸುಮಾರು 1,600 ಟನ್ನು ಎಂಬುದು ಪ್ರಾಥಮಿಕ ಅಂದಾಜು. ಎಲ್ಲಿಂದ ಬಂದರೂ ಅದು ಭೂಮಿತಾಯಿಯ ಒಡಲನ್ನು ಬಗೆದೇ ಬರಬೇಕು. ಎರಡು ವರ್ಷದಲ್ಲಿ ಕೆಡುವ ಬ್ಯಾಟರಿಯನ್ನು ನಾಲ್ಕು ವರ್ಷ ಬಾಳಿಸಿದರೆ ಉಳಿಯುವುದು ನಮ್ಮ ಹಣ ಮಾತ್ರವಲ್ಲ.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆಯನ್ನು ನಮ್ಮ ಮನೆಗಳಲ್ಲಿ ತಿಳಿಯದವರಿಲ್ಲ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆರಿಸಿ ತಂದು ದಾಸೋಹ ನಡೆಸುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ಮನೆಯೊಳಗೆ ಸೇರಿಸಲಿಲ್ಲ. ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದರು. ಆ ಮಹಾತಾಯಿಯ ಅಳತೆ ಸಂಪತ್ತಿಗೆ ಸಂಬಂಧಿಸಿದ್ದೆಂದು ನಾವು ಪ್ರವಚನಗಳಲ್ಲಿ ಹೇಳುತ್ತ ಬಂದೆವು. ಮನೆಯಲ್ಲಿರುವ ಒಂದು ಯಂತ್ರಕ್ಕೂ ಆ ಅಳತೆ ಸಲ್ಲುತ್ತದೆಂದು ನಮಗೆ ತಿಳಿಸಿದವನು ಶಿರಾದ ಆ ರಿಪೇರಿಯ ಯುವಕ. ಅವನ ಕಾಯಕಕ್ಕೆ ಶರಣು.

ಹೊಸ ಬ್ಯಾಟರಿಯ ಬೆಲೆಯನ್ನು ನಾವೇ ಕೊಡುವುದಾಗಿ ಹೇಳಿದೆವು. ಆ ತಾಯಿ ಒಪ್ಪಲಿಲ್ಲ. "ಅಯ್ಯನವರೇ, ಹೇಳಿದವರು ತಾವು ನಿಜ. ಹಾಸಿಗೆ ಮೇಲೆ ಇಟ್ಟಿದ್ದನ್ನು ದಿನಾ ನೋಡಿಯೂ ಸುಮ್ಮನಿದ್ದವಳು ನಾನು. ಅರ್ಧ ಕೊಡಿ, ಸಾಕು" ಎಂದರು. ಅರ್ಧವನ್ನೇ ತೆಗೆದುಕೊಂಡರು. ಈಗ ಆ ಮನೆಯಲ್ಲಿ ಲ್ಯಾಪ್‌ಟಾಪಿಗೆಂದು ನಡುಮನೆಯ ಕಿಟಕಿಯಿಂದ ದೂರಕ್ಕೆ ಒಂದು ಹಲಗೆ ಹಾಕಿಸಿದ್ದಾರೆ. 80 ಆದೊಡನೆ ಯಂತ್ರ ತಾನೇ ಊಟ ನಿಲ್ಲಿಸುತ್ತದೆ. ಮಗು ಇನ್ನೊಂದು ಪರೀಕ್ಷೆ ಬರೆದಿದ್ದಾಳೆ, ಫಲಿತಾಂಶ ಬರಬೇಕಾಗಿದೆ.

ಹಿರಿಯರಾದ ಓದುಗರಲ್ಲಿ ನಮ್ಮದೊಂದು ವಿನಂತಿ. ಮಕ್ಕಳು ನಮ್ಮನ್ನು ನಂಬಿ ಕೇಳಿದಾಗ, ತಿಳಿಯದಿದ್ದರೆ "ತಿಳಿಯದು ಮಗು, ಬಲ್ಲವರನ್ನು ಕೇಳೋಣ" ಎನ್ನೋಣ. ಅದರಿಂದ ನಮ್ಮ ಹಿರಿತನಕ್ಕೆ ಕುಂದಿಲ್ಲ. ನಮ್ಮ ಈ ತಪ್ಪು ಮಾತನ್ನು ಬೇರೆ ಮನೆಗಳಲ್ಲಿಯೂ ಕೇಳಿ ನಡೆಯುತ್ತಿರುವವರಿದ್ದರೆ, ಇಂದೇ ಬಿಟ್ಟುಬಿಡಬೇಕೆಂದು ಪ್ರಾರ್ಥಿಸುತ್ತೇವೆ.